ಹದಿನೆಂಟನೇ ಸಲ ಬಂದ ಪ್ರವಾಸಿ

ಪುಟ್ಟೀ,

ನಿನ್ನ ಕಣ್ಣಿಗೆ ಈಗ ಒಂದು ಅಕ್ಷರ ಎರಡಾಗಿ ಕಾಣುತ್ತದೆ ಎಂದು ಗೊತ್ತಿದ್ದೂ ಕಾಗದ ಬರೆಯಲು ಕೂತಿದ್ದೇನೆ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು "ಬಿಡಕ್ಕಾ, ಅದನ್ನೇನು ದೊಡ್ಡದು ಮಾಡ್ತೀಯ" ಅನ್ನುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಸಾಲದ್ದಕ್ಕೆ ನಿನ್ನ ಬಲಗಿವಿ ಸತ್ತುಹೋಗಿದೆ, ಎಡಗಿವಿಯಲ್ಲಿ ಫೋನು ಗುಂಯ್ ಎನ್ನುತ್ತದೆ. ಕಾಗದವಾದರೆ ಪಕ್ಕದ ಮನೆಯ ಬಸ್ಸಮ್ಮ ಡ್ಯೂಟಿ ಮುಗಿಸಿ ಬಂದು, ನಿನ್ನ ಎಡಗಡೆಗೆ ಕುರ್ಚಿ ಎಳೆದುಕೊಂಡು ಓದುತ್ತಾರೆ. ಇಪ್ಪತ್ತು ವರ್ಷ ಬಸ್ ಓಡಿಸಿ, ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅವರದು. ನಾಲ್ಕು ಮನೆಗೆ ಕೇಳಿಸಿದರೂ ಚಿಂತೆಯಿಲ್ಲ. ಬಸ್ಸಮ್ಮಾ, ನಿಮಗೂ ಒಂದು ಮಾತು. ದಯವಿಟ್ಟು ಎಲ್ಲಿಯೂ ಸಾಲು ಹಾರಿಸಬೇಡಿ, ಇವಳಿಗೆ ನೋವಾಗುತ್ತದೆ ಅನ್ನಿಸಿದ ಕಡೆಯೂ.

ಮೊದಲು ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಹೋದ ತಿಂಗಳು ನಾನು ಬರಬೇಕಾಗಿದ್ದ ದಿನ ಫೋನ್ ಮಾಡಿ "ವಿಮಾನ ರದ್ದಾಯ್ತು ಕಣೇ, ಬೇರೆ ಟಿಕೆಟ್ ಮಾಡಿಸ್ತೀನಿ" ಅಂದೆನಲ್ಲ, ಅದು ಶುದ್ಧ ಸುಳ್ಳು. ಯಾವ ವಿಮಾನವೂ ರದ್ದಾಗಿರಲಿಲ್ಲ. ನಾನು ಬಂದಿದ್ದೆ. ನಿನ್ನ ಊರಿನ ವಿಮಾನ ನಿಲ್ದಾಣದಲ್ಲಿ, ನಿನ್ನ ಮನೆಗೆ ನಲವತ್ತು ನಿಮಿಷ ದೂರದಲ್ಲಿ, ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಆಮೇಲೆ ನಾನು ಬಂದ ಕಂಪನಿಯ ವಿಮಾನದಲ್ಲೇ ವಾಪಸ್ ಕಳಿಸಿದರು. ನಿನಗೆ ಫೋನ್ ಮಾಡಿದ್ದು ಆ ಕುರ್ಚಿಯಿಂದಲೇ. ಹಿಂದುಗಡೆ ಮೈಕಿನ ಕೂಗು ಕೇಳಿ ನೀನು, "ಇನ್ನೂ ಅಲ್ಲೇ ಇದ್ದೀಯಾ? ಮನೆಗೆ ಹೋಗಿ ಕಾಲು ಚಾಚಿ ಮಲಕ್ಕೋ ಹೋಗು, ಬೆನ್ನು ನೋವು ಬಂದೀತು" ಅಂದೆ. ಹೂಂ ಎಂದು ಇಟ್ಟುಬಿಟ್ಟೆ.

ಇದನ್ನು ಯಾಕೆ ಮುಚ್ಚಿಟ್ಟೆ ಎಂದರೆ, ತಪ್ಪು ಸರ್ಕಾರದ್ದು ಮಾತ್ರ ಆಗಿದ್ದರೆ ಬಾಯಿ ತುಂಬ ಬೈದುಕೊಂಡು ನಿನಗೆ ಹೇಳುತ್ತಿದ್ದೆ. ಅದರಲ್ಲಿ ನನ್ನ ಪಾಲೂ ಇತ್ತು.

ನಿನ್ನ ಮೊದಲ ಆಪರೇಷನ್ನಿಗೆ ನಾನು ಬರಲಿಲ್ಲ. ಮದುವೆ ಸೀಸನ್, ಅಂಗಡಿ ತುಂಬ ಹೊಲಿಯುವ ಬಟ್ಟೆ, ಒಂದು ದಿನ ಬಾಗಿಲು ಹಾಕಿದರೂ ಗಿರಾಕಿಗಳು ಜೀವ ತಿನ್ನುತ್ತಾರೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜ ಏನೆಂದರೆ ನನಗೆ ನಿನ್ನ ಮೇಲೆ ಸಿಟ್ಟಿತ್ತು. ಬೇಡ ಬೇಡ ಎಂದರೂ ಆ ಮನುಷ್ಯನನ್ನು ಕಟ್ಟಿಕೊಂಡು ಗಡಿ ದಾಟಿ ಹೋದೆ. ಅವನು ಕೈಕೊಟ್ಟು ಹೋದ ಮೇಲಾದರೂ ಬರುತ್ತೀಯ ಎಂದು ಕಾದೆ. ನೀನು "ನನ್ನ ಕೆಲಸ ಇಲ್ಲಿದೆ, ನಾನ್ಯಾಕೆ ಬರ್ಲಿ" ಅಂದೆ. ಕೆಲಸವೆಂದರೆ ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ ಮಾಡುವುದು. ಊರವರ ಬಾಯಿಗೆ ಹಲ್ಲು ಕೂರಿಸೋಕೆ ಒಡಹುಟ್ಟಿದವಳನ್ನ ಬಿಟ್ಟಿರ್ತಾಳಂತೆ ಎಂದು ಅಂಗಡಿಗೆ ಬಂದವರ ಮುಂದೆಲ್ಲ ಆಡಿಕೊಂಡೆ. ತಲೆಯೊಳಗೆ, ಕಿವಿಯ ಹಿಂದೆ ಗಡ್ಡೆ ಎಂದು ನೀನು ಹೇಳಿದಾಗಲೂ, ಈಗ ನೆನಪಾಯ್ತಾ ಅಕ್ಕ ಎಂದು ಮನಸ್ಸಿನಲ್ಲಿ ಅಂದುಕೊಂಡವಳು ನಾನು. ಬಸ್ಸಮ್ಮಾ, ಇದನ್ನೂ ಓದಿ.

ಆಪರೇಷನ್ ಆದ ಹತ್ತನೇ ದಿನ ಬಸ್ಸಮ್ಮನ ಫೋನ್ ಬಂತು. "ನೀವು ಟೈಲರ್ ಅಕ್ಕ ಅಲ್ವಾ? ನಿಮ್ಮ ತಂಗಿಗೆ ಅಂಗಿ ಗುಂಡಿ ಹಾಕ್ಕೊಳೋಕೆ ಆಗ್ತಿಲ್ಲ. ನಾನು ಐದೂವರೆಗೇ ಡ್ಯೂಟಿಗೆ ಹೋಗ್ಬೇಕು. ಬರ್ತೀರೋ ಇಲ್ವೋ ಹೇಳಿ" ಅಂದರು. ಸರಿಯಾಗಿ ಕೆನ್ನೆಗೆ ಬಾರಿಸಿದ ಹಾಗಿತ್ತು. ಮಾರನೇ ದಿನವೇ ಹೊರಟೆ. ಊರಿಗೆಲ್ಲ ಗುಂಡಿ ಹಾಕಿಕೊಡುವವಳಿಗೆ ನಿನ್ನ ಗುಂಡಿಯ ವಿಷಯ ಮೂರನೆಯವರು ಹೇಳಬೇಕಾಯಿತು.

ಅಲ್ಲಿಂದ ಶುರುವಾಯಿತು ನಮ್ಮ ಮೂವತ್ತು ದಿನದ ಸಂಸಾರ. ನಮ್ಮ ಕಡೆಯ ಪಾಸ್‌ಪೋರ್ಟ್ ಇದ್ದವರಿಗೆ ನಿಮ್ಮಲ್ಲಿ ಮೂವತ್ತು ದಿನ ವೀಸಾ ಬೇಕಿಲ್ಲ, ಪ್ರವಾಸಿ ಎಂದು ಹೇಳಿ ಸೀಲು ಹಾಕಿಸಿಕೊಂಡರೆ ಆಯಿತು. ಮೂವತ್ತು ದಿನ ಅಲ್ಲಿ, ನಲವತ್ತು ನಲವತ್ತೈದು ದಿನ ಇಲ್ಲಿ. ಇಲ್ಲಿದ್ದಾಗ ಜಿಪ್ಪು, ಅಂಚು, ಪ್ಯಾಂಟಿನ ಸೊಂಟ ಬಿಡಿಸುವುದು, ಸೊಂಟ ಹಿಡಿಸುವುದು. ಅಲ್ಲಿ ನಿನ್ನ ಸ್ನಾನ, ನಿನ್ನ ಮಾತ್ರೆ, ಗೋಡೆ ಹಿಡಿಸಿಕೊಂಡು ಹಜಾರದ ಉದ್ದಕ್ಕೂ ನಿನ್ನನ್ನು ನಡೆಸುವುದು. ನಾನಿಲ್ಲದ ದಿನಗಳಲ್ಲಿ ನೀನು ಬಸ್ಸಮ್ಮನ ಡ್ಯೂಟಿಯ ಸಮಯ ನೋಡಿಕೊಂಡು ಬಚ್ಚಲಿಗೆ ಹೋಗುತ್ತಿದ್ದೆ. ಎರಡು ಸಲ ಬಿದ್ದೆ, ನನಗೆ ಒಂದನ್ನು ಮಾತ್ರ ಹೇಳಿದೆ. ಇನ್ನೊಂದನ್ನು ನಿನ್ನ ಮೊಣಕೈಯ ಗುರುತು ನೋಡಿ ನಾನೇ ಕಂಡುಹಿಡಿದೆ, ಅವತ್ತು ಮಧ್ಯಾಹ್ನವೆಲ್ಲ ಜಗಳ ಆಡಿದೆವು.

ಪ್ರತಿ ಸಲ ಬರುವ ಮೊದಲು ಫೋನಿನಲ್ಲೇ ನನಗೆ ಪಾಠ ಹೇಳಿಕೊಡುತ್ತಿದ್ದೆಯಲ್ಲ, ನೀನೇ ಆಫೀಸರ್ ಆಗಿ. "ಯಾಕೆ ಬಂದಿದ್ದೀರಿ?" "ಊರು ನೋಡೋಕೆ ಸಾರ್." "ಏನ್ ನೋಡ್ತೀರಿ?" "ನಿನ್ನ ಮೂತಿ." ಆಗ ನಿನ್ನ ನಗು. ನಾನು ಎದುರಿಗಿದ್ದಾಗ ಆ ನಗು ಅರ್ಧ ಮುಖದಲ್ಲೇ ನಿಲ್ಲುತ್ತಿತ್ತು, ಬಲಗಡೆ ಕದಲುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ ಪೂರ್ತಿ ಕೇಳಿಸುತ್ತಿತ್ತು. ಪ್ರವಾಸಿಯ ಹಾಗೆ ಕಾಣಲಿ ಎಂದು ಅಗಲ ಅಂಚಿನ ಟೋಪಿ ಬೇರೆ ಕೊಂಡುಕೊಂಡೆ. ಅದನ್ನು ಹಾಕಿಕೊಂಡರೆ ಪ್ರವಾಸಿಗಿಂತ ಹೆಚ್ಚಾಗಿ ಕಳ್ಳಿಯ ಹಾಗೇ ಕಾಣುತ್ತಿದ್ದೆ.

ಹೀಗೆ ಹದಿನೇಳು ಸಲ ಬಂದೆ ಕಣೇ. ಯಾರೂ ಏನೂ ಅನ್ನಲಿಲ್ಲ. ಹೋದ ವರ್ಷದಿಂದ ಗುಸುಗುಸು ಶುರುವಾಯಿತು. ಪದೇ ಪದೇ ಬರುವ ಪ್ರವಾಸಿಗಳನ್ನು ಇನ್ನು ಮೇಲೆ ಬಿಡುವುದಿಲ್ಲವಂತೆ. ಪದೇ ಪದೇ ಎಂದರೆ ಎಷ್ಟು? ಅದನ್ನು ಮಾತ್ರ ಯಾರೂ ಹೇಳಲೊಲ್ಲರು. ಹದಿನಾಲ್ಕನೇ ಸಲ ಕೌಂಟರಿನ ಹುಡುಗಿ ಪುಟ ತಿರುಗಿಸಿ ತಿರುಗಿಸಿ ನೋಡಿ, "ತುಂಬ ಸಲ ಬಂದಿದ್ದೀರಲ್ಲ?" ಅಂದಳು. "ನಿಮ್ಮೂರು ಚೆನ್ನಾಗಿದೆಯಮ್ಮ" ಅಂದೆ. ನಕ್ಕು ಸೀಲು ಹೊಡೆದಳು. ಹದಿನಾರನೇ ಸಲ ಇದ್ದವನು ತಲೆಯೆತ್ತಿಯೂ ನೋಡಲಿಲ್ಲ. ಹದಿನೇಳನೇ ಸಲದವನು, ಡಾಕ್ಟರು ಸಕ್ಕರೆ ಬಿಡಿ ಅನ್ನುವ ಹಾಗೆ, "ಇನ್ಮೇಲೆ ಸ್ವಲ್ಪ ಕಮ್ಮಿ ಮಾಡಿ" ಅಂದ. ಅವನ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನಿನಗೆ ಎರಡನೇ ಆಪರೇಷನ್ ಆಗಲೇಬೇಕು ಎಂದು ನಿನ್ನ ಡಾಕ್ಟರು ಹೇಳಿದ್ದು ಅದೇ ವಾರ. ನನ್ನ ತಲೆಯೊಳಗೆ ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಈಗ ನನ್ನ ಪಾಲಿನ ತಪ್ಪು ಕೇಳು. ವಿಮಾನದಲ್ಲಿ ಒಂದು ಚೀಟಿ ಕೊಡುತ್ತಾರಲ್ಲ, ತುಂಬಿಸಿ ಕೊಡುವುದು. ಹದಿನೇಳು ಸಲ ತುಂಬಿದ ಚೀಟಿ, ಕಣ್ಣು ಮುಚ್ಚಿ ತುಂಬುತ್ತೇನೆ ಎಂಬ ಸೊಕ್ಕು ನನಗೆ. ಹೋದ ತಿಂಗಳು ಬಂದಾಗ ನಿನ್ನ ಸ್ಕ್ಯಾನಿನ ವರದಿಯನ್ನೇ ಯೋಚಿಸುತ್ತಾ ಬರೆಯುತ್ತಾ ಹೋದೆ. ಖಾಯಂ ವಿಳಾಸ ಅನ್ನುವ ಕಡೆ ನಿನ್ನ ಮನೆಯ ವಿಳಾಸ ಬರೆದೆ: ಮೂರನೇ ಮಹಡಿ, ಹನ್ನೆರಡನೇ ನಂಬರ್ ಬಾಗಿಲು, ಔಷಧದ ಅಂಗಡಿ ಎದುರು. ಇಳಿದುಕೊಳ್ಳುವ ಜಾಗ ಅನ್ನುವ ಕಡೆ ನನ್ನ ಅಂಗಡಿಯ ವಿಳಾಸ. ಎರಡೂ ಅದಲು ಬದಲು. ಸಹಿ ಹಾಕಿ ಕೊಟ್ಟೆ.

ಕೌಂಟರಿನಲ್ಲಿದ್ದವರು ವಯಸ್ಸಾದ ಮನುಷ್ಯ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಚೀಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಅಮ್ಮಾ, ಖಾಯಂ ವಿಳಾಸ ಅಂತ ಬರ್ದಿರೋದು ನಮ್ಮೂರಿಂದು. ಇಳ್ಕೊಳೋ ಜಾಗ ಅಂತ ಬರ್ದಿರೋದು ನಿಮ್ಮೂರಿಂದು. ನೀವು ಬರ್ತಾ ಇದ್ದೀರೋ, ಹೋಗ್ತಾ ಇದ್ದೀರೋ?" ಅಂದರು. ಅವರು ತಮಾಷೆಗೇ ಕೇಳಿದ್ದು. ನಾನೂ ನಕ್ಕು, "ವಯಸ್ಸಾಯ್ತಲ್ಲ ಸಾರ್, ತಿದ್ದಿಕೊಡ್ತೀನಿ" ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನೋ, ಕಳ್ಳಿಯನ್ನು ಹಿಡಿದ ಹಾಗಾಗಿ ತೊದಲಿದೆ. ಆಗ ಅವರು ಪಾಸ್‌ಪೋರ್ಟಿನ ಪುಟ ತಿರುಗಿಸತೊಡಗಿದರು.

"ಹದಿನೇಳು ಸಲ ಊರು ನೋಡೋಕೆ ಬಂದಿದ್ದೀರಿ. ಏನೇನು ನೋಡಿದ್ರಿ ಹೇಳಿ ನೋಡೋಣ" ಅಂದರು. ಪುಟ್ಟೀ, ಆಗ ನನಗೆ ಹೊಳೆಯಿತು, ನಿನ್ನ ಊರಿನಲ್ಲಿ ನಾನು ಏನೂ ನೋಡಿಲ್ಲ. ಔಷಧದ ಅಂಗಡಿ ಗೊತ್ತು. ಆಸ್ಪತ್ರೆಗೆ ಹೋಗುವ ಬಸ್ಸು ಗೊತ್ತು, ಅದರಲ್ಲಿ ಯಾವ ಸೀಟು ಅಲುಗಾಡುವುದಿಲ್ಲ ಎಂಬುದೂ ಗೊತ್ತು. ನಿಮ್ಮ ಕಟ್ಟಡದ ಲಿಫ್ಟು ಎರಡನೇ ಮಹಡಿಯಲ್ಲಿ ಒಂದು ಸಲ ಕುಲುಕುತ್ತದೆ, ಆಗ ನಿನ್ನ ತೋಳು ಹಿಡಿಯಬೇಕು ಎಂಬುದು ಗೊತ್ತು. "ಮ್ಯೂಸಿಯಂ ನೋಡಿದೀನಿ" ಅಂದೆ. "ಏನಿದೆ ಅದರೊಳಗೆ?" "ಹಳೇ ಸಾಮಾನು." ಪಕ್ಕದ ಸಾಲಿನಲ್ಲಿದ್ದವರು ಕಿಸಕ್ಕೆಂದರು.

ಪೆಟ್ಟಿಗೆ ಬಿಚ್ಚಿಸಿದರು. ಆಪರೇಷನ್ ಆದ ಮೇಲೆ ತಲೆಯ ಮೇಲಿಂದ ಬಟ್ಟೆ ಹಾಕುವ ಹಾಗಿಲ್ಲವಲ್ಲ, ಅದಕ್ಕೆ ಮುಂದುಗಡೆ ತೆರೆಯುವ ನೈಟಿ ಏಳು ಹೊಲಿದಿಟ್ಟಿದ್ದೆ, ಗುಂಡಿಯ ಬದಲು ಒತ್ತಿದರೆ ಅಂಟಿಕೊಳ್ಳುವ ಪಟ್ಟಿ. ಏಳೂ ಒಂದೇ ಅಳತೆ, ಒಂದೇ ನಮೂನೆ. ಜೊತೆಗೆ ನನ್ನ ಟೇಪು, ಚಾಕ್ ತುಂಡು, ದಾರದ ಉಂಡೆಗಳು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತು. ಅಲ್ಲಿದ್ದ ಹೆಂಗಸೊಬ್ಬಳು, "ಇಲ್ಲಿ ಹೊಲಿದು ಮಾರೋಕೆ ಬರ್ತಿದ್ದೀರಿ ಅಲ್ವಾ?" ಅಂದಳು. ನಿನ್ನ ನೈಟಿಯನ್ನು ಅವಳು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು. ನನಗೆ ಪಿತ್ತ ನೆತ್ತಿಗೇರಿತು. "ಹೌದಮ್ಮ, ಕಾಯಿಲೆ ತಂಗಿಗೆ ಹೊಲಿಯೋಕೆ ಬಂದಿದೀನಿ. ಮೂರೂವರೆ ವರ್ಷದಿಂದ ನಿಮ್ಮ ಕಣ್ಣಿಗೆ ಮಣ್ಣೆರಚಿ ಬರ್ತಾನೇ ಇದೀನಿ. ಏನ್ ಮಾಡ್ಕೋತೀರೋ ಮಾಡ್ಕೊಳಿ" ಎಂದು ಕೂಗಿಬಿಟ್ಟೆ. ಇಡೀ ಹಾಲ್ ತಿರುಗಿ ನೋಡಿತು.

ದಾರದ ಕನ್ನಡಕದವರು ಮಾತ್ರ ಮೆಲ್ಲಗೆ, "ಇದನ್ನ ನೀವು ಹೇಳಬಾರದಿತ್ತಮ್ಮ. ಹೇಳದೇ ಇದ್ದಿದ್ರೆ ಏನೋ ಮಾಡ್ತಿದ್ದೆ" ಅಂದರು. ಅವರ ದನಿಯಲ್ಲಿ ಬೇಸರವಿತ್ತು. ಅದೇ ನನ್ನನ್ನು ಈಗಲೂ ಕೊರೆಯುತ್ತಿದೆ. ಅವರು ಕೆಟ್ಟವರಾಗಿದ್ದರೆ ಶಾಪ ಹಾಕಿಕೊಂಡು ಆರಾಮವಾಗಿರುತ್ತಿದ್ದೆ. ನನ್ನ ಬಾಯಿ ಒಂದು ನಿಮಿಷ ಮುಚ್ಚಿಕೊಂಡಿದ್ದರೆ ಅವತ್ತು ಮಧ್ಯಾಹ್ನದ ಊಟಕ್ಕೆ ನಾನು ನಿನ್ನ ಎದುರಿಗಿರುತ್ತಿದ್ದೆ.

ಕೈಗೊಂದು ಕಾಗದ ಕೊಟ್ಟರು. 'ಪದೇ ಪದೇ ಬರುವ ಪ್ರವಾಸಿ, ಭೇಟಿಯ ಉದ್ದೇಶ ಸ್ಪಷ್ಟವಿಲ್ಲ' ಎಂದು ಬರೆದಿತ್ತು. ನನ್ನ ಉದ್ದೇಶ ಇಷ್ಟು ಸ್ಪಷ್ಟವಾಗಿ ಜೀವನದಲ್ಲಿ ಎಂದೂ ಇರಲಿಲ್ಲ ಕಣೇ.

ಬಂದ ಮೇಲೆ ಸುಮ್ಮನೆ ಕೂರಲಿಲ್ಲ. ಮೂರು ಕಡೆ ವಿಚಾರಿಸಿದೆ, ಮೂರು ಕಡೆ ಮೂರು ರಾಗ. ಸಹಾಯವಾಣಿಯವಳು, "ನಿಷೇಧ ಏನೂ ಇಲ್ಲ ಮೇಡಂ, ನೀವು ಯಾವಾಗ ಬೇಕಾದರೂ ಪ್ರಯಾಣ ಮಾಡಬಹುದು. ಒಳಗೆ ಬಿಡೋದು ಬಿಡದೇ ಇರೋದು ಕೌಂಟರಿನಲ್ಲಿರೋರ ತೀರ್ಮಾನ" ಅಂದಳು. ಹಾಗಾದರೆ ಬರಬಹುದು ಅಂತಲೋ ಬೇಡ ಅಂತಲೋ ಎಂದರೆ, ಅದೇ ಮಾತನ್ನು ಮತ್ತೆ ಮೊದಲಿಂದ ಒಪ್ಪಿಸಿದಳು. ಅವರ ವೆಬ್‌ಸೈಟಿನಲ್ಲಿ ಮೊದಲ ವಾರ 'ವರ್ಷಕ್ಕೆ ತೊಂಬತ್ತು ದಿನ' ಎಂದಿತ್ತು, ಮುಂದಿನ ವಾರ ಆ ಸಾಲೇ ಇರಲಿಲ್ಲ. ಕಾಯಿಲೆಯವರನ್ನು ನೋಡಿಕೊಳ್ಳುವ ವೀಸಾ ಎಂದು ಒಂದಿದೆ. ಅದರ ಅರ್ಜಿಯಲ್ಲಿ ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು ಎಂದು ಚೌಕಗಳಿವೆ, ಒಂದಕ್ಕೆ ಗುರುತು ಹಾಕಬೇಕು. ಅಕ್ಕ ಎಂಬ ಚೌಕವೇ ಇಲ್ಲ. ಬೇರೆ ವೀಸಾಕ್ಕೆ ಹನ್ನೆರಡು ವಾರ ಹಿಡಿಯುತ್ತದಂತೆ. ನಿನ್ನ ಆಪರೇಷನ್ನಿಗೆ ಉಳಿದಿರುವುದು ಮೂರು.

ಕಡೆಗೆ ನಮ್ಮ ಟಿಕೆಟ್ ಏಜೆಂಟನ ಹತ್ತಿರ ಹೋದೆ. ವರ್ಷಕ್ಕೊಂದು ಸಲ ಅವನ ಪ್ಯಾಂಟುಗಳ ಸೊಂಟ ಒಂದೊಂದು ಇಂಚು ಬಿಡಿಸಿಕೊಡುವವಳು ನಾನು, ಅದರ ಸಲಿಗೆಯಿಂದ ಬಾಗಿಲು ಹಾಕಿಕೊಂಡು ಮಾತಾಡಿದ. "ಅಕ್ಕಾ, ಒಂದು ಸಲ ವಾಪಸ್ ಕಳಿಸಿದ್ದಾರೆ. ಈಗಲೇ ಮತ್ತೆ ಹೋಗಿ ಎರಡನೇ ಸಲವೂ ಕಳಿಸಿದ್ರು ಅಂತಿಟ್ಕೊಳಿ, ಕಂಪ್ಯೂಟರ್‌ನಲ್ಲಿ ಐದು ವರ್ಷ ಬೀಗ. ಆರು ತಿಂಗಳು ಸುಮ್ನಿರಿ. ಆಮೇಲೆ ಬಿಡ್ತಾರೆ" ಅಂದ. ಖಾತ್ರಿಯಾ ಎಂದೆ. "ಖಾತ್ರಿ ಅಂತ ಯಾರು ಹೇಳ್ತಾರೆ? ಹೀಗೆ ಅಂತ ಕೇಳಿದೀನಿ" ಅಂದ. ಆಸ್ಪತ್ರೆಯ ಕಾಗದ ತೋರಿಸಿದರೆ? "ಹಾಗಾದ್ರೆ ನೀವು ಪ್ರವಾಸಿ ಅಲ್ಲ, ಬೇರೆ ವೀಸಾ ತನ್ನಿ ಅಂತಾರೆ." ತೋರಿಸದಿದ್ದರೆ? "ಹದಿನೇಳು ಸಲ ಆಯ್ತಲ್ಲ ಅಂತಾರೆ." ನನ್ನ ತಲೆ ಮೊಸರು ಗಡಿಗೆಯಾಯಿತು.

ಆಮೇಲೆ ಅವನು, ನನಗೆ ಸಮಾಧಾನ ಹೇಳುತ್ತಿದ್ದೇನೆ ಅಂದುಕೊಂಡೇ ಪಾಪ, ಒಂದು ಮಾತು ಹೇಳಿದ. "ಒಂದು ಮಾತ್ರ ಖಾತ್ರಿ ಅಕ್ಕ. ದೇವರು ಹಾಗೆ ಮಾಡದೇ ಇರ್ಲಿ. ಸಾವಿನ ಕೇಸು ಆದ್ರೆ ಯಾರೂ ತಡೆಯಲ್ಲ. ಸರ್ಟಿಫಿಕೇಟ್ ತೋರಿಸಿದ್ರೆ ಅರ್ಧ ಗಂಟೆಯಲ್ಲಿ ಒಳಗೆ ಬಿಡ್ತಾರೆ. ಹಿಂದೆ ಎಷ್ಟು ಸಲ ಬಂದಿದ್ರಿ ಅಂತಾನೂ ಕೇಳಲ್ಲ."

ಬಸ್ಸಮ್ಮಾ, ಇಲ್ಲಿ ನಿಲ್ಲಿಸಬೇಡಿ. ಓದಿ.

ಪುಟ್ಟೀ, ನಾನು ಅವನ ಅಂಗಡಿಯಿಂದ ಎದ್ದು ಬಂದು ನನ್ನ ಮಿಷನ್ನಿನ ಮುಂದೆ ಕೂತು ಗೊಳೋ ಎಂದು ಅತ್ತೆ. ಬದುಕಿರುವ ತಂಗಿಗೆ ಗುಂಡಿ ಹಾಕುತ್ತೇನೆ ಎಂದರೆ ಉದ್ದೇಶ ಸ್ಪಷ್ಟವಿಲ್ಲವಂತೆ. ಅವಳು ಸತ್ತರೆ ಬಾ ತಾಯಿ ಎಂದು ದಾರಿ ಬಿಡುತ್ತಾರಂತೆ. ಪ್ಯಾಂಟು ತೆಗೆದುಕೊಳ್ಳಲು ಬಂದ ಮೇಷ್ಟ್ರೊಬ್ಬರು ಬಾಗಿಲಲ್ಲೇ ನಿಂತು ನೋಡಿ, ನಾಳೆ ಬರ್ತೀನಿ ಎಂದು ಹೊರಟುಹೋದರು.

ನಿನ್ನ ಮಾತೂ ಗೊತ್ತು ನನಗೆ. ಮೊನ್ನೆ ಫೋನಿನಲ್ಲಿ, "ರೂಲ್ಸು ಏನೋ ಗಲಾಟೆ ಅಂತೆ, ಈಗ್ಲೇ ಬಂದು ಇರೋದನ್ನೂ ಕಳ್ಕೋಬೇಡ. ನಾನು ಹುಷಾರಾದ್ಮೇಲೆ ಬಾ, ಆಗ ಮ್ಯೂಸಿಯಂಗೆ ಹೋಗೋಣ" ಅಂದೆ. ಬಸ್ಸಮ್ಮ ನಿನಗೆ ಪತ್ರಿಕೆ ಓದಿ ಹೇಳಿರಬೇಕು. ಆದರೆ ಸ್ಕ್ಯಾನಿನ ವರದಿ ಬಂದ ದಿನ ಡಾಕ್ಟರು ಫೋನಿನ ಸ್ಪೀಕರಿನಲ್ಲಿ ಇಬ್ಬರಿಗೂ ಸೇರಿಸಿಯೇ ಹೇಳಿದರಲ್ಲೇ, ಗಡ್ಡೆ ಈ ಸಲ ಮೆದುಳಿನ ಬುಡಕ್ಕೆ ಅಂಟಿಕೊಂಡಿದೆ, ಉಳಿಯುವ ಭರವಸೆ ಅರ್ಧಕ್ಕರ್ಧ ಎಂದು. ನಾವಿಬ್ಬರೂ ಅದು ಕೇಳಿಸಲೇ ಇಲ್ಲ ಎನ್ನುವ ಹಾಗೆ ಆಸ್ಪತ್ರೆಗೆ ಯಾವ ಚಪ್ಪಲಿ ಹಾಕಿಕೊಂಡು ಹೋಗುವುದು ಎಂದು ಮಾತಾಡಿದೆವು. ಆರು ತಿಂಗಳು ಕಾದರೆ ನಾನು ಬರುವುದು ಹುಷಾರಾದ ನಿನ್ನನ್ನು ನೋಡಲೋ, ಆ ಇನ್ನೊಂದಕ್ಕೋ? ಅದು ಗೊತ್ತಿಲ್ಲದೆ ಯಾವ ಧೈರ್ಯದ ಮೇಲೆ ಕಾಯಲಿ? ಒಂದು ಸಲ ಬರಲು ಮಾತ್ರ ಬಿಡುತ್ತಾರೆ ಎಂದಾದರೆ, ಆ ಒಂದು ಸಲವನ್ನು ನಿನ್ನನ್ನು ಕಳಿಸಿಕೊಡುವುದಕ್ಕೆಂದು ಎತ್ತಿಡಲು ನನ್ನಿಂದ ಆಗುವುದಿಲ್ಲ. ನನ್ನ ಕೈಲಾಗುವುದಿಲ್ಲ ಕಣೇ.

ಅದಕ್ಕೇ ಬರುತ್ತಿದ್ದೇನೆ. ಆಪರೇಷನ್ ಸೋಮವಾರ, ನನ್ನ ಟಿಕೆಟ್ ಅದರ ಹಿಂದಿನ ಗುರುವಾರಕ್ಕೆ ಆಗಿದೆ. ಏಜೆಂಟ್ ತಲೆ ಚಚ್ಚಿಕೊಂಡ. ಈ ಸಲ ಚೀಟಿಯನ್ನು ಸರಿಯಾಗಿ ತುಂಬುತ್ತೇನೆ. ಏನು ಹೇಳಬೇಕು ಎಂದೂ ಯೋಚಿಸಿಟ್ಟಿದ್ದೇನೆ. ಊರು ನೋಡಲು ಎಂದು ಹೇಳುವುದಿಲ್ಲ. ಆಸ್ಪತ್ರೆಯ ಕಾಗದ ಮುಂದಿಟ್ಟು, ಇವಳು ನನ್ನ ತಂಗಿ, ಸೋಮವಾರ ಇವಳ ತಲೆ ತೆರೆಯುತ್ತಾರೆ, ಇವಳಿಗೆ ಬೇರೆ ಯಾರೂ ಇಲ್ಲ ಎಂದು ಮೆಲುದನಿಯಲ್ಲಿ ಹೇಳುತ್ತೇನೆ. ಸಿಟ್ಟು ಮಾಡುವುದಿಲ್ಲ. ನೈಟಿಯನ್ನು ಯಾರು ಎತ್ತಿ ಹಿಡಿದರೂ, ಏನು ಅಂದರೂ, ನಾಲಿಗೆ ಕಚ್ಚಿಕೊಂಡಿರುತ್ತೇನೆ. ಅವತ್ತು ಕೌಂಟರಿನಲ್ಲಿ ಯಾರಿರುತ್ತಾರೋ ಗೊತ್ತಿಲ್ಲ. ಅವರ ಮನೆಯಲ್ಲಿ ಆ ಬೆಳಗ್ಗೆ ಏನಾಗಿರುತ್ತದೋ, ಅವರಿಗೆ ಅಕ್ಕತಂಗಿಯರಿದ್ದಾರೋ ಇಲ್ಲವೋ. ನಮ್ಮಿಬ್ಬರ ಬದುಕು ಈಗ ಅಂಥ ಒಬ್ಬರ ಕೈಯಲ್ಲಿದೆ. ನೆನೆದರೆ ಭಯವಾಗುತ್ತದೆ. ಬಿಟ್ಟರೆ ಮಧ್ಯಾಹ್ನದೊಳಗೆ ನಿನ್ನ ಬಾಗಿಲು ತಟ್ಟುತ್ತೇನೆ. ಬಿಡದಿದ್ದರೆ ಐದು ವರ್ಷ.

ನಾನು ಬಂದರೂ ಬರದಿದ್ದರೂ ಆಪರೇಷನ್ ಮುಂದೂಡಬೇಡ, ಇದು ಅಕ್ಕನ ಮಾತು. ಅವತ್ತು ಬಸ್ಸಮ್ಮ ರಜೆ ಹಾಕಿ ಬರುತ್ತಾರೆ, ನಾನು ಕೇಳಿಯಾಗಿದೆ. "ಬಸ್ಸು ಒಂದಿನ ಬೇರೆಯವ್ರು ಓಡಿಸ್ತಾರೆ ಬಿಡಿ" ಅಂದರು. ಒಳಗೆ ಕರೆದುಕೊಂಡು ಹೋಗುವವರೆಗೂ ಅವರ ಕೈ ಹಿಡಿದುಕೊಂಡಿರು. ಹೆದರಿಕೆಯಾದರೆ ಆಗಲಿ, ಅಳು ಬಂದರೆ ಅಳು, ಗಟ್ಟಿಗಿತ್ತಿಯ ಹಾಗೆ ಆಡಬೇಡ.

ಮೊದಲನೇ ಸಲ ನಾನು ಸಿಟ್ಟು ಇಟ್ಟುಕೊಂಡು ಬರಲಿಲ್ಲ, ಅದನ್ನು ಕ್ಷಮಿಸು. ಈ ಸಲ ಹಾಗಲ್ಲ. ಸೋಮವಾರ ನಿನಗೆ ಎಚ್ಚರವಾದಾಗ ನಾನು ಪಕ್ಕದಲ್ಲಿ ಇಲ್ಲದಿದ್ದರೆ, ಅಕ್ಕ ಬರಲಿಲ್ಲ ಎಂದು ಮಾತ್ರ ಅಂದುಕೊಳ್ಳಬೇಡ ಪುಟ್ಟೀ. ಅಕ್ಕ ಬಂದಿದ್ದಳು, ಬಾಗಿಲು ತೆಗೆಯಲಿಲ್ಲ ಅಂದುಕೋ.

ನನ್ನ ಆಯುಸ್ಸಿನಲ್ಲಿ ಉಳಿದಿರುವುದೆಲ್ಲ ನಿನಗೂ ಸಮಪಾಲಾಗಲಿ, ಎದ್ದು ಓಡಾಡುವಂತಾಗು.

ದಾರಿಯಲ್ಲಿರುವ,
ನಿನ್ನ ಬಾಯಿಬಡುಕಿ ಅಕ್ಕ